ದಂತಕಿರೀಟ

ದಂತಕಿರೀಟವೆಂಬುದು, ಹುಳುಕಿನಿಂದಾಗಲಿ ಪೆಟ್ಟಿನಿಂದಾಗಲಿ ಬಹುಕಾಲದ ಸವೆತದಿಂದಾಗಲಿ ಆಕಾರವನ್ನೂ ಬಲವನ್ನೂ ಕಳೆದುಕೊಂಡ ಹಲ್ಲನ್ನು ಅರೆದು ಅಳತೆಗೆ ತಂದು, ಅದರ ಮೇಲೆ ವಸಡಿನ ಅಂಚಿನವರೆಗೆ ಸುತ್ತಲೂ ಆವರಿಸುವಂತೆ ಕೂರಿಸಿ, ಸಿಮೆಂಟಿನಿಂದ ಭದ್ರಪಡಿಸುವ ಕೃತಕ ಹೊದಿಕೆ. ಬಾಯಿಂದ ತೆಗೆದು ತೊಳೆದಿಡುವ ಕಟ್ಟುಹಲ್ಲಿಗೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ, ಇದು ಸಾಮಾನ್ಯವಾಗಿ ರೋಗಿಯ ಸ್ವಂತ ಹಲ್ಲನ್ನೇ ಆಶ್ರಯಿಸಿ ನಿಲ್ಲತಕ್ಕದ್ದು, ಮತ್ತು ಒಮ್ಮೆ ಕೂರಿಸಿದ ಮೇಲೆ ರೋಗಿಯು ತಾನಾಗಿ ತೆಗೆಯಲಾರದ್ದು. ಜನರ ಆಡುಮಾತಿನಲ್ಲಿ ಇದು ಕ್ಯಾಪ್. ಕ್ಯಾಪ್ ಹಾಕಿಸಿಕೊಂಡೊಡನೆ ಆ ಹಲ್ಲಿನ ಕಷ್ಟವೆಲ್ಲ ತೀರಿತೆಂಬ ನಂಬಿಕೆಯು ಎಷ್ಟು ವ್ಯಾಪಕವೋ ಅಷ್ಟೇ ಅಪಾಯಕರವೂ ಆಗಿರುವುದರಿಂದ, ಕಿರೀಟವು ಯಾವ ವಸ್ತುವಿನದು, ಬೆಲೆಯೆಷ್ಟು ಎಂಬ ಪ್ರಶ್ನೆಗಳಿಗಿಂತ ಮೊದಲು, ಅದರ ಕೆಳಗೆ ಉಳಿದಿರುವ ಹಲ್ಲು ಎಷ್ಟು, ಎರಡೂ ಕೂಡುವ ಅಂಚು ಹೇಗಿದೆ ಎಂಬ ಪ್ರಶ್ನೆಗಳು ರೋಗಿಯ ಮನಸ್ಸಿನಲ್ಲಿ ಏಳುವುದು ಲೇಸು.

ಹಲ್ಲಿನ ಹೊರಪದರವಾದ ಎನಾಮಲ್ ಮಾನವದೇಹದ ಅತ್ಯಂತ ಕಠಿಣವಾದ ಅಂಗಾಂಶ. ತೂಕದಲ್ಲಿ ಅದರ ಶೇಕಡಾ 96ರಷ್ಟು ಪಾಲು ಖನಿಜವೇ. ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ವಸಡನ್ನು ಭೇದಿಸಿ ಹೊರಬರುವ ವೇಳೆಗೇ ನಶಿಸಿಹೋಗುವುದರಿಂದ, ಮುರಿದ ಮೂಳೆಯು ಕೂಡಿಕೊಳ್ಳುವುದುಂಟೇ ಹೊರತು ಕಳೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗೆ ಸೂಕ್ಷ್ಮನಾಳಗಳಿಂದ ಕೂಡಿದ ಡೆಂಟಿನ್ ಎಂಬ ಪದರವೂ, ಅದಕ್ಕೂ ಒಳಗೆ ನರಗಳೂ ರಕ್ತನಾಳಗಳೂ ಸೇರಿದ ಮಜ್ಜೆಯೂ ಇವೆ. ಹುಳುಕು ಎನಾಮಲನ್ನು ದಾಟಿ ಡೆಂಟಿನ್ನಿಗೆ ಇಳಿದಾಗ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ. ಸುಶ್ರುತಸಂಹಿತೆಯು ದಂತರೋಗಗಳಲ್ಲಿ ಎಣಿಸಿರುವ ದಂತಹರ್ಷದ ಲಕ್ಷಣವೂ ಇಂಥದೇ. ಹುಳುಕು ಮಜ್ಜೆಯನ್ನು ಮುಟ್ಟಿದಾಗಲಾದರೋ ನಿದ್ರೆಯನ್ನು ಕೆಡಿಸುವ ನೋವು ತೊಡಗುತ್ತದೆ. ಆ ಹಂತದಲ್ಲಿ ಮಜ್ಜೆಯನ್ನು ತೆಗೆದು, ಬೇರಿನ ನಾಳಗಳನ್ನು ಶುದ್ಧಗೊಳಿಸಿ, ಗಟಾಪರ್ಚಾ ಎಂಬ ವೃಕ್ಷಜನ್ಯ ದ್ರವ್ಯದಿಂದ ತುಂಬುವ ಚಿಕಿತ್ಸೆಯೇ ರೂಟ್ ಕೆನಾಲ್. ನಮ್ಮಲ್ಲಿ ಕಿರೀಟದ ಮಾತು ಬಹುಮಟ್ಟಿಗೆ ಹುಟ್ಟುವುದು ಈ ಚಿಕಿತ್ಸೆಯ ಬೆನ್ನಿಗೇ.

ರೂಟ್ ಕೆನಾಲ್ ಆದ ಹಲ್ಲು ರಸಹೀನವಾಗಿ ಒಣಗಿ ಪೆಡಸಾಗುವುದೆಂದೂ ಆ ಕಾರಣದಿಂದಲೇ ಅದು ಒಡೆಯುವುದೆಂದೂ ವೈದ್ಯರೇ ಬಹುಕಾಲ ನಂಬಿದ್ದರು. ಡೆಂಟಿನ್ನಿನ ಗುಣವು ಅಷ್ಟಾಗಿ ಬದಲಾಗುವುದಿಲ್ಲವೆಂದೂ, ಹುಳುಕು ತಿಂದುದು, ಹಿಂದೆ ಹುಳುಕನ್ನು ಸಿಮೆಂಟಿನಿಂದ ತುಂಬಲು ತೋಡಿದುದು, ಮಜ್ಜೆಗೆ ದಾರಿ ಮಾಡಲು ಕೊರೆದುದು ಇವೆಲ್ಲ ಕೂಡಿ ಹಲ್ಲಿನ ಗೋಡೆಗಳು ತೆಳುವಾಗುವುದೇ ಒಡೆತಕ್ಕೆ ಮುಖ್ಯ ಕಾರಣವೆಂದೂ ಅನಂತರದ ಪ್ರಯೋಗಗಳಿಂದ ತಿಳಿದುಬಂದಿತು. ಅಗಿಯುವ ಭಾರವನ್ನು ಹೊರುವ ದವಡೆ ಹಲ್ಲುಗಳ ಮೇಲ್ಮೈಯಲ್ಲಿ ಏಣುಗಳೂ ಅವುಗಳ ನಡುವೆ ತಗ್ಗುಗಳೂ ಇದ್ದು, ಎದುರು ಹಲ್ಲಿನ ಏಣು ಈ ತಗ್ಗಿಗೆ ಇಳಿದಾಗಲೆಲ್ಲ ತೆಳುವಾದ ಗೋಡೆಗಳು ಆಚೀಚೆಗೆ ಬಾಗಲೆಳಸುತ್ತವೆ. ಕಿರೀಟವು ಅವನ್ನು ಸುತ್ತಲಿಂದ ಹಿಡಿದು ಈ ಬಾಗುವಿಕೆಯನ್ನು ತಡೆಯುತ್ತದೆ. 2002ರಲ್ಲಿ ಅಕ್ವಿಲಿನೊ ಮತ್ತು ಕ್ಯಾಪ್ಲನ್ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೂಟ್ ಕೆನಾಲ್ ಆಗಿ ಕಿರೀಟವಿಲ್ಲದೆ ಉಳಿದ ಹಲ್ಲುಗಳು ಕಿರೀಟವುಳ್ಳವುಗಳಿಗಿಂತ ಆರು ಪಟ್ಟು ಹೆಚ್ಚಿನ ವೇಗದಲ್ಲಿ ನಷ್ಟವಾದುದು ಕಂಡುಬಂದಿತು. ಇದು ಹಳೆಯ ದಾಖಲೆಗಳನ್ನು ನೋಡಿ ಮಾಡಿದ ಲೆಕ್ಕವಾದುದರಿಂದ, ಮೊದಲೇ ಗಟ್ಟಿಯಾಗಿದ್ದ ಹಲ್ಲುಗಳಿಗೇ ವೈದ್ಯರು ಕಿರೀಟ ಹಾಕಿರಬಹುದೆಂಬ ಸಂದೇಹಕ್ಕೆ ಅವಕಾಶವುಂಟು. ಆದರೂ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು, ನೋವು ನಿಂತಿತೆಂಬ ಸಮಾಧಾನದಲ್ಲಿ ಕ್ಯಾಪನ್ನು ವರ್ಷಗಟ್ಟಲೆ ಮುಂದೂಡಿ, ಒಂದು ದಿನ ಹುರಿದ ಕಡಲೆಯನ್ನು ಕಡಿದಾಗ ಹಲ್ಲು ಬೇರಿನವರೆಗೂ ಸೀಳಿಹೋಗಿ ಕೀಳಿಸಬೇಕಾಗಿ ಬಂದವರನ್ನು ಪ್ರತಿಯೊಬ್ಬ ದಂತವೈದ್ಯನೂ ಕಂಡಿರುವನು.

ಮುಂದಿನ ಹಲ್ಲುಗಳ ವಿಷಯ ಬೇರೆ. ಬಾಚಿಹಲ್ಲಿನ ಹಿಂಭಾಗದಲ್ಲಿ ಸಣ್ಣದೊಂದು ರಂಧ್ರವನ್ನು ಮಾತ್ರ ಕೊರೆದು ರೂಟ್ ಕೆನಾಲ್ ಮುಗಿಸಿದ್ದು, ಉಳಿದ ಹಲ್ಲು ದೃಢವಾಗಿದ್ದರೆ, ಆ ರಂಧ್ರವನ್ನು ಹಲ್ಲಿನ ಬಣ್ಣದ ಕಾಂಪೊಸಿಟ್ ದ್ರವ್ಯದಿಂದ ಮುಚ್ಚಿದರೆ ಸಾಕಾಗುತ್ತದೆ. ರೂಟ್ ಕೆನಾಲ್ ಆದ ಹಲ್ಲಿಗೆಲ್ಲ ಕ್ಯಾಪ್ ಕಡ್ಡಾಯವೆಂಬುದು ನಿಯಮವಲ್ಲ, ರೂಢಿಯಷ್ಟೆ. ಅಂತೆಯೇ ಮಜ್ಜೆಯು ಜೀವಂತವಾಗಿದ್ದು ಒಂದೆರಡು ಏಣುಗಳು ಮಾತ್ರ ದುರ್ಬಲವಾಗಿರುವ ಹಲ್ಲಿಗೆ, ಆ ಏಣುಗಳನ್ನಷ್ಟೇ ಮುಚ್ಚುವ ಆನ್‌ಲೇ ಎಂಬ ಅರೆಹೊದಿಕೆಯು ಪೂರ್ಣಕಿರೀಟಕ್ಕಿಂತ ಸಂಯಮದ ಉಪಾಯ. ಈ ಸಂಯಮಕ್ಕೆ ಕಾರಣವುಂಟು. ಪೂರ್ಣಕಿರೀಟಕ್ಕಾಗಿ ಅರೆಯುವಾಗ ಹಲ್ಲಿನ ಕಾಣುವ ಭಾಗದಲ್ಲಿ ಶೇಕಡಾ 63ರಿಂದ 72ರಷ್ಟು ದ್ರವ್ಯವು ಹೋಗುವುದೆಂದು ತೂಕಮಾಡಿ ನೋಡಿದ ಪ್ರಯೋಗಗಳು ತೋರಿಸಿವೆ. ಕೆಟ್ಟುಹೋದ ಹಲ್ಲಿನಲ್ಲಿ ಈ ನಷ್ಟವು ಬಹಳಮಟ್ಟಿಗೆ ಮೊದಲೇ ಆಗಿಹೋದ ನಷ್ಟ. ಆದರೆ ಮದುವೆಯ ಫೋಟೋಗೆ ನಗೆ ಚೆನ್ನಾಗಿ ಕಾಣಲೆಂದು ನಿರೋಗಿಯಾದ ಹಲ್ಲುಗಳನ್ನು ಸಾಲಾಗಿ ಅರೆಸಿಕೊಂಡು ಬಿಳಿಯ ಕಿರೀಟಗಳನ್ನು ಹಾಕಿಸಿಕೊಳ್ಳುವ ಯುವಕ ಯುವತಿಯರಿಗೆ ಇದು ಹೊಸದಾಗಿ ತಂದುಕೊಂಡ ನಷ್ಟ. ಎಳೆಯ ಹಲ್ಲಿನಲ್ಲಿ ಮಜ್ಜೆಯು ದೊಡ್ಡದಾಗಿದ್ದು ಮೇಲ್ಮೈಗೆ ಹತ್ತಿರವಿರುವುದರಿಂದ, ಅರೆತದ ಆಘಾತದಿಂದ ಅದು ಕ್ರಮೇಣ ಸಾಯುವ ಸಂಭವವೂ ಹೆಚ್ಚು. ಹಲ್ಲು ವಕ್ರವಾಗಿದ್ದರೆ ತಂತಿ ಕಟ್ಟಿಸಿಕೊಂಡು ಸರಿಪಡಿಸುವುದು ನಿಧಾನದ ಮಾರ್ಗವಾದರೂ ವಿವೇಕದ ಮಾರ್ಗ.

ಕಿರೀಟವು ನಿಲ್ಲಬೇಕಾದರೆ ವಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟಾದರೂ ಗಟ್ಟಿಯಾದ ಹಲ್ಲು ಉಳಿದಿರಬೇಕು. ಕಿರೀಟದ ಕೆಳಅಂಚು ಈ ಪಟ್ಟಿಯನ್ನು ಬಳೆಯಂತೆ ಹಿಡಿದುಕೊಳ್ಳುತ್ತದೆ. ಪಟ್ಟಿಯಿಲ್ಲದ ಕಡೆ ಬೇರಿನೊಳಗೆ ಲೋಹದ ಅಥವಾ ಗಾಜಿನ ನಾರಿನ ಕಡ್ಡಿಯನ್ನು ನೆಟ್ಟು, ಅದರ ಮೇಲೆ ದಿಬ್ಬವನ್ನು ಕಟ್ಟಿ ಕಿರೀಟವನ್ನು ಕೂರಿಸಿದರೂ ಅದು ಬಹುಕಾಲ ಬಾಳುವುದೆಂಬ ಭರವಸೆಯಿಲ್ಲ. ಕಡ್ಡಿಯು ಮೇಲಿನ ದಿಬ್ಬವನ್ನು ಹಿಡಿಯುವುದೇ ಹೊರತು ಬೇರನ್ನು ಬಲಪಡಿಸುವುದಿಲ್ಲ. ಆದಕಾರಣ ಚಿಕಿತ್ಸೆಗೆ ಮೊದಲು ಎಕ್ಸ್-ರೇ ತೆಗೆಸಿ, ಬೇರಿನ ಸುತ್ತ ಮೂಳೆ ಎಷ್ಟಿದೆ, ವಸಡು ರೋಗಮುಕ್ತವಾಗಿದೆಯೇ, ಮೇಲೆ ಉಳಿಯುವ ಹಲ್ಲು ಎಷ್ಟು ಎಂಬುದನ್ನು ತೋರಿಸಿ ವಿವರಿಸಬೇಕೆಂದು ಕೇಳುವುದು ರೋಗಿಯ ಹಕ್ಕು. ಅಲ್ಲಾಡುವ ಹಲ್ಲಿಗೆ ಕಿರೀಟ ಹಾಕಿದ ಮಾತ್ರಕ್ಕೆ ಅದು ನೆಟ್ಟಗಾಗುವುದಿಲ್ಲ.

ಈ ವಿದ್ಯೆಯ ಚರಿತ್ರೆ ದೀರ್ಘವಾದುದು. ಕ್ರಿಸ್ತಪೂರ್ವ ಏಳನೆಯ ಶತಮಾನದ ಹೊತ್ತಿಗೇ ಇಟಲಿಯ ಎಟ್ರುಸ್ಕನರು ಚಿನ್ನದ ಪಟ್ಟಿಗಳಿಂದ ಹಲ್ಲುಗಳನ್ನು ಬಿಗಿಯುತ್ತಿದ್ದರು. ಅದು ಕಿರೀಟವಲ್ಲವಾದರೂ ಚಿನ್ನವು ಬಾಯಲ್ಲಿ ಕೆಡುವುದಿಲ್ಲವೆಂಬ ತಿಳಿವಳಿಕೆ ಅವರಿಗಿದ್ದಿತು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೊಶಾರ್ ತನ್ನ ದಂತಶಸ್ತ್ರವೈದ್ಯ ಗ್ರಂಥದಲ್ಲಿ ಬೇರಿನೊಳಗೆ ಕಡ್ಡಿ ನೆಟ್ಟು ಹಲ್ಲನ್ನು ಕೂರಿಸುವ ಕ್ರಮವನ್ನು ವರ್ಣಿಸಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಚಾರ್ಲ್ಸ್ ಲ್ಯಾಂಡ್ ಎಂಬಾತನು ಪ್ಲಾಟಿನಂ ಹಾಳೆಯ ಮೇಲೆ ಪಿಂಗಾಣಿಯನ್ನು ಸುಟ್ಟು ಹಲ್ಲಿಗೆ ಅಂಗಿಯಂತೆ ತೊಡಿಸುವ ವಿಧಾನವನ್ನು ಸಾಧಿಸಿದನು. 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಈತನ ಮಗಳ ಮಗ. 1907ರಲ್ಲಿ ವಿಲಿಯಂ ಟ್ಯಾಗರ್ಟ್ ನ್ಯೂಯಾರ್ಕಿನಲ್ಲಿ ಮಂಡಿಸಿದ ಮೇಣದಚ್ಚಿನ ಎರಕವು ನಮ್ಮ ಕಂಚುಗಾರರಿಗೂ ಅಕ್ಕಸಾಲಿಗರಿಗೂ ಅಪರಿಚಿತವಲ್ಲದ ತತ್ತ್ವವನ್ನೇ ಹಲ್ಲಿನ ಸೂಕ್ಷ್ಮ ಅಳತೆಗೆ ಇಳಿಸಿತು. 1962ರಲ್ಲಿ ವೈನ್‌ಸ್ಟೀನ್ ಮತ್ತು ಅವನ ಸಹಚರರು ಲೋಹದ ಮೇಲೆ ಬಿರುಕಿಲ್ಲದಂತೆ ಪಿಂಗಾಣಿಯನ್ನು ಬೆಸೆಯುವ ಕ್ರಮಕ್ಕೆ ಪೇಟೆಂಟ್ ಪಡೆದರು. ಲೋಹದ ಬಲ, ಪಿಂಗಾಣಿಯ ಬಣ್ಣ ಎರಡೂ ಕೂಡಿದ ಈ ಕಿರೀಟವೇ ಮುಂದಿನ ನಾಲ್ಕು ದಶಕಗಳ ಕಾಲ ಜಗತ್ತನ್ನೆಲ್ಲ ಆಳಿತೆನ್ನಬಹುದು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವೆರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ಎಂಬವರು ರೋಗಿಯು ಕುರ್ಚಿಯಲ್ಲಿರುವಾಗಲೇ ಹಲ್ಲನ್ನು ಕ್ಯಾಮೆರಾದಿಂದ ಅಳೆದು ಯಂತ್ರದಲ್ಲಿ ಪಿಂಗಾಣಿಯ ತುಂಬನ್ನು ಕೊರೆದು ಕೂರಿಸಿದರು. ಇಂದಿನ ಕಂಪ್ಯೂಟರ್ ಕಿರೀಟಗಳು ಆ ಪರಂಪರೆಗೆ ಸೇರಿದುವು.

ಈಗ ಚಿಕಿತ್ಸಾಲಯಗಳಲ್ಲಿ ರೋಗಿಯ ಮುಂದೆ ಇಡುವ ಆಯ್ಕೆಗಳು ಮುಖ್ಯವಾಗಿ ನಾಲ್ಕು ಬಗೆಯವು. ಪೂರ್ಣಲೋಹದ ಕಿರೀಟವು ನೋಡಲು ಅಂದವಲ್ಲದಿದ್ದರೂ, ತೆಳುವಾಗಿಯೂ ಬಲವಾಗಿಯೂ ಇರುವುದರಿಂದ ಹಲ್ಲನ್ನು ಕಡಮೆ ಅರೆಯಿಸುತ್ತದೆ. ಅವುಗಳಲ್ಲಿ ಚಿನ್ನದ ಮಿಶ್ರಲೋಹವು ಎದುರು ಹಲ್ಲನ್ನು ಸವೆಸದೆ ಅಂಚಿನಲ್ಲಿ ಒತ್ತಾಗಿ ಕೂಡುವುದರಿಂದ ಹಿಂದಿನ ದವಡೆ ಹಲ್ಲಿಗೆ ಅದಕ್ಕಿಂತ ಉತ್ತಮವಾದುದು ಇನ್ನೂ ಬಂದಿಲ್ಲವೆಂಬುದು ಅನೇಕ ಹಿರಿಯ ದಂತವೈದ್ಯರ ಅಭಿಪ್ರಾಯ, ಮತ್ತು ಈ ಲೇಖಕನಿಗೂ ಅದು ಸರಿಯೆಂದು ತೋರುತ್ತದೆ. ಆದರೆ ಚಿನ್ನದ ಬೆಲೆಯೂ ಬಿಳಿಯ ಹಲ್ಲಿನ ಮೋಹವೂ ಕೂಡಿ ಅದನ್ನು ಮೂಲೆಗೆ ತಳ್ಳಿವೆ. ಅಗ್ಗದ ಲೋಹಗಳಲ್ಲಿ ನಿಕೆಲ್ ಬೆರೆತಿರುವುದು ಸಾಮಾನ್ಯ. ಅಗ್ಗದ ಓಲೆಯನ್ನೋ ಗಡಿಯಾರದ ಪಟ್ಟಿಯನ್ನೋ ತೊಟ್ಟರೆ ಚರ್ಮವು ಕೆಂಪಾಗಿ ತುರಿಸುವವರು ಇದನ್ನು ವೈದ್ಯರಿಗೆ ಮೊದಲೇ ಹೇಳತಕ್ಕದ್ದು. ಪಿಂಗಾಣಿ ಹೊದಿಸಿದ ಲೋಹದ ಕಿರೀಟಕ್ಕೆ ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪ ಬೇಕಾಗುತ್ತದೆ. ವರ್ಷಗಳ ಮೇಲೆ ವಸಡು ಸರಿದಾಗ ಅಂಚಿನಲ್ಲಿ ಕಪ್ಪಗೆ ಗೆರೆ ಕಾಣಿಸುವುದೂ ಪಿಂಗಾಣಿಯ ಚಕ್ಕೆ ಏಳುವುದೂ ಇದರ ದೋಷಗಳು. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಪಿಂಗಾಣಿಯು ಬೆಳಕನ್ನು ನಿಜವಾದ ಹಲ್ಲಿನಂತೆ ಒಳಬಿಟ್ಟುಕೊಳ್ಳುವುದರಿಂದ ಮುಂದಿನ ಹಲ್ಲುಗಳಿಗೆ ಒಪ್ಪುತ್ತದೆ.

ನಾಲ್ಕನೆಯದಾದ ಜಿರ್ಕೋನಿಯಾ ಈಗ ಎಲ್ಲಕ್ಕೂ ಮುಂದಿದೆ. ಕೇರಳ, ತಮಿಳುನಾಡು, ಒಡಿಶಾಗಳ ಕಡಲತಡಿಯ ಮರಳಿನಲ್ಲಿಯೂ ದೊರೆಯುವ ಜಿರ್ಕಾನ್ ಖನಿಜವೇ ಇದರ ಮೂಲ. ಶುದ್ಧೀಕರಿಸಿ ಸ್ವಲ್ಪ ಇಟ್ರಿಯಾ ಬೆರೆಸಿ ಒತ್ತಿದ ಸೀಮೆಸುಣ್ಣದಂಥ ಬಿಲ್ಲೆಯಿಂದ ಕಿರೀಟವನ್ನು ಯಂತ್ರವು ಕೊರೆಯುತ್ತದೆ. ಅನಂತರ 1,450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಸುಟ್ಟಾಗ ಅದು ಐದನೆಯ ಒಂದು ಭಾಗದಷ್ಟು ಕುಗ್ಗುವುದರಿಂದ, ಯಂತ್ರವು ಆ ಕುಗ್ಗುವಿಕೆಯನ್ನು ಲೆಕ್ಕಹಾಕಿ ಮೊದಲೇ ದೊಡ್ಡದಾಗಿ ಕೊರೆದಿರುತ್ತದೆ. ಹೀಗೆ ಸಿದ್ಧವಾದುದು ಸುಲಭವಾಗಿ ಒಡೆಯುವುದಿಲ್ಲ. ಇದರೊಂದಿಗೆ ಐದು, ಹತ್ತು, ಹದಿನೈದು ವರ್ಷಗಳ ವಾರಂಟಿ ಕಾರ್ಡುಗಳನ್ನು ಕೊಡುವ ರೂಢಿಯುಂಟು. ಬೆಲೆಯೂ ಕಾರ್ಡಿನ ವರ್ಷಗಳೊಂದಿಗೆ ಏರುತ್ತದೆ. ಕಾರ್ಡು ಹೊಣೆ ಹೊರುವುದು ಸಾಮಾನ್ಯವಾಗಿ ಕಿರೀಟದ ವಸ್ತು ಒಡೆದರೆ ಮಾತ್ರ. ಜಿರ್ಕೋನಿಯಾಕ್ಕೆ ಹುಳುಕು ಹತ್ತುವುದಿಲ್ಲ, ನಿಜ. ಆದರೆ ಹೊಸ ಹಂಚು ಹೊದಿಸಿದ ಮನೆಯ ಗೋಡೆಗೆ ಬುಡದಿಂದ ಗೆದ್ದಲು ಹತ್ತಿದಂತೆ, ಅಂಚಿನ ಸಂದಿನಿಂದ ಒಳಹೊಕ್ಕ ಹುಳುಕು ಕೆಳಗಿನ ಹಲ್ಲನ್ನು ತಿಂದುಹಾಕಿದಾಗ, ಅಖಂಡವಾದ ಕಿರೀಟವೂ ಅವಧಿ ಮುಗಿಯದ ಕಾರ್ಡೂ ಎರಡೂ ರೋಗಿಯ ಕೈಯಲ್ಲೇ ಉಳಿಯುತ್ತವೆ.

ಕಿರೀಟದ ಕೆಲಸವು ಸಾಮಾನ್ಯವಾಗಿ ಎರಡು ಭೇಟಿಗಳಲ್ಲಿ ಮುಗಿಯುತ್ತದೆ. ಮೊದಲ ಭೇಟಿಯ ಆರಂಭದಲ್ಲಿಯೇ, ಹಲ್ಲನ್ನು ಮುಟ್ಟುವ ಮೊದಲೇ, ಬಣ್ಣವನ್ನು ಆರಿಸುವುದು ಶಾಸ್ತ್ರಸಮ್ಮತ. ಏಕೆಂದರೆ ಬಾಯನ್ನು ತೆರೆದಿಟ್ಟು ಹಲ್ಲು ಒಣಗಿದೊಡನೆ ಅದು ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆ ಬಿಳುಪಿಗೆ ಹೊಂದಿಸಿದ ಕಿರೀಟವು ಮಾರನೆಯ ದಿನ ಎದ್ದು ತೋರುತ್ತದೆ. ಹದಿನಾರು ಛಾಯೆಗಳ ಮಾದರಿ ಹಲ್ಲುಗಳನ್ನು ಪಕ್ಕದಲ್ಲಿಟ್ಟು, ಸಾಧ್ಯವಾದರೆ ಕಿಟಕಿಯ ಹಗಲು ಬೆಳಕಿನಲ್ಲಿ, ತುಟಿಯ ಬಣ್ಣವನ್ನು ಒರೆಸಿ ನೋಡುವುದು ವಾಡಿಕೆ. ಅನಂತರ ಜೀವಂತ ಹಲ್ಲಾದರೆ ಲಿಗ್ನೊಕೇನ್ ಚುಚ್ಚುಮದ್ದಿನಿಂದ ಮರಗಟ್ಟಿಸಿ, ನಿಮಿಷಕ್ಕೆ ಮೂರು ಲಕ್ಷಕ್ಕೂ ಮೀರಿ ತಿರುಗುವ ವಜ್ರದ ಮೊನೆಯಿಂದ ಅರೆಯುತ್ತಾರೆ. ರೋಗಿಗೆ ಕಿರಿಕಿರಿಯೆನಿಸುವ ನೀರಿನ ತುಂತುರು ಇಲ್ಲಿ ಅತ್ಯಗತ್ಯ. ಅದಿಲ್ಲದೆ ಅರೆದರೆ ಉಷ್ಣದಿಂದ ಮಜ್ಜೆಯು ಬೆಂದುಹೋಗುವುದು. ಸಕ್ಕರೆ ಕಾಯಿಲೆ, ಹೃದಯದ ಕವಾಟದ ಚಿಕಿತ್ಸೆ, ರಕ್ತವನ್ನು ತೆಳುಗೊಳಿಸುವ ಮಾತ್ರೆ ಇವುಗಳ ವಿಷಯವನ್ನು ಕುರ್ಚಿಯಲ್ಲಿ ಒರಗುವ ಮೊದಲೇ ತಿಳಿಸಬೇಕು.

ಅರೆದ ಹಲ್ಲಿನ ಅಚ್ಚನ್ನು ತೆಗೆಯುವುದೇ ಎಲ್ಲಕ್ಕಿಂತ ನಾಜೂಕಾದ ಘಟ್ಟ. ವಸಡನ್ನು ಸಣ್ಣ ದಾರದಿಂದ ಸರಿಸಿ, ಅಂಚು ಪೂರ್ಣವಾಗಿ ಕಾಣುವಂತೆ ಮಾಡಿ, ಸಿಲಿಕೋನಿನ ಪಾಕದಲ್ಲಿಯೋ ಸ್ಕ್ಯಾನರಿನಲ್ಲಿಯೋ ಅದನ್ನು ಹಿಡಿಯುತ್ತಾರೆ. ಅಲ್ಲಿ ರಕ್ತವೋ ಜೊಲ್ಲೋ ತುಂಬಿ ಅಂಚು ಅಸ್ಪಷ್ಟವಾದರೆ, ದೂರದ ಪ್ರಯೋಗಾಲಯದಲ್ಲಿ ಕುಳಿತ ದಂತ ತಂತ್ರಜ್ಞನು ಊಹೆಯಿಂದ ಗೆರೆ ಎಳೆಯಬೇಕಾಗುತ್ತದೆ. ವೈದ್ಯನು ಅಚ್ಚನ್ನು ಎರಡನೆಯ ಬಾರಿ ತೆಗೆಯಲು ಮುಂದಾದರೆ ಬೇಸರಿಸದಿರುವುದು ಒಳ್ಳೆಯದು. ಅವನು ತನ್ನ ಕೆಲಸವನ್ನು ಬಲ್ಲನೆಂಬುದಕ್ಕೆ ಅದೇ ಸಾಕ್ಷಿ. ಕಿರೀಟವು ಬರುವವರೆಗಿನ ವಾರ ಹತ್ತು ದಿನ ಅಕ್ರಿಲಿಕ್ಕಿನ ತಾತ್ಕಾಲಿಕ ಕ್ಯಾಪನ್ನು ಲವಂಗದೆಣ್ಣೆಯ ವಾಸನೆಯ ಸಿಮೆಂಟಿನಿಂದ ಕೂರಿಸುವುದುಂಟು. ಅದನ್ನು ಬೇಡವೆನ್ನಬಾರದು, ಏಕೆಂದರೆ ಅದಿಲ್ಲದಿದ್ದರೆ ಎದುರು ಹಲ್ಲು ಮತ್ತು ಪಕ್ಕದ ಹಲ್ಲುಗಳು ಸ್ವಲ್ಪ ಸರಿದು ಕಿರೀಟವೇ ಕೂರದಂತಾಗಬಹುದು. ಆ ಪಕ್ಕದಲ್ಲಿ ಅಂಟುವ ಮಿಠಾಯಿಯನ್ನು ಅಗಿಯಲಾಗದು.

ಎರಡನೆಯ ಭೇಟಿಯಲ್ಲಿ ಕಿರೀಟವನ್ನು ಸಿಮೆಂಟ್ ಹಾಕದೆ ಇಟ್ಟು ಪರೀಕ್ಷಿಸುತ್ತಾರೆ. ಆಗ ರೋಗಿಯು ಕೈಗನ್ನಡಿಯನ್ನು ಕೇಳಿ ಬಣ್ಣವನ್ನೂ ಆಕಾರವನ್ನೂ ನೋಡಿಕೊಳ್ಳಬೇಕು. ಸಿಮೆಂಟ್ ಗಟ್ಟಿಯಾದ ಮೇಲೆ ಮಾಡುವ ದೂರಿಗೆ ಕಿರೀಟವನ್ನು ಕೊರೆದು ತೆಗೆಯುವುದಲ್ಲದೆ ಬೇರೆ ಪರಿಹಾರವಿಲ್ಲ. ಪಕ್ಕದ ಹಲ್ಲಿನೊಡನೆ ಸಂಪರ್ಕವು ದಂತದಾರವು ಬಿಗಿಯಾಗಿ ಹಾದುಹೋಗುವಷ್ಟಿರಬೇಕು. ಸಡಿಲವಾಗಿದ್ದರೆ ಪ್ರತಿ ಊಟದಲ್ಲೂ ಅನ್ನದಗುಳೂ ಸೊಪ್ಪಿನ ನಾರೂ ಅಲ್ಲಿ ಸಿಕ್ಕಿ ವಸಡು ಕೆಡುತ್ತದೆ. ಬಣ್ಣದ ಕಾಗದವನ್ನು ಕಚ್ಚಿಸಿ ಎತ್ತರವನ್ನು ನೋಡುತ್ತಾರೆ. ನಾಲಗೆ ದಪ್ಪವಾದಂತೆ ತೋರುವ, ತುಟಿ ಮರಗಟ್ಟಿರುವ ಆ ಹೊತ್ತಿನಲ್ಲಿ ಎತ್ತರದ ಅಳವು ರೋಗಿಗೆ ಸರಿಯಾಗಿ ತಿಳಿಯದಿರುವುದು ಸಹಜ. ಮನೆಗೆ ಹೋದ ಮೇಲೆ ಆ ಹಲ್ಲೇ ಮೊದಲು ತಾಗುತ್ತಿದೆಯೆಂದು ಕಂಡುಬಂದರೆ, ಅಭ್ಯಾಸವಾಗಲಿ ಎಂದು ಕಾಯದೆ ಮರಳಿ ಹೋಗಿ ಸರಿಪಡಿಸಿಕೊಳ್ಳತಕ್ಕದ್ದು. ಎತ್ತರವಾದ ಕಿರೀಟವು ಕೆಲವೇ ದಿನಗಳಲ್ಲಿ ಹಲ್ಲಿನ ಬುಡವನ್ನು ನೋಯಿಸುತ್ತದೆ. ಜೀವಂತ ಹಲ್ಲು ಕೆಲವು ದಿನ ತಣ್ಣಗಿನದಕ್ಕೆ ಜುಮ್ಮೆನ್ನುವುದು ಸಾಮಾನ್ಯ. ಬಿಸಿ ಕಾಫಿ ತಾಗಿ ಎದ್ದ ನೋವು ಬಹಳ ಹೊತ್ತು ಉಳಿದರೆ, ಅಥವಾ ತಾನಾಗಿ ರಾತ್ರಿ ನೋವು ಬಂದರೆ, ಮಜ್ಜೆಯು ಸೋತಿದೆಯೆಂದು ಶಂಕಿಸಬೇಕು. ಹಾಗಾದಾಗ ಕಿರೀಟದ ಮೂಲಕವೇ ರಂಧ್ರ ಮಾಡಿ ರೂಟ್ ಕೆನಾಲ್ ಮಾಡುವುದು ಸಾಧ್ಯ.

ಕರ್ನಾಟಕದಲ್ಲಿ ಕಿರೀಟದ ಅಗತ್ಯಕ್ಕೆ ಒಯ್ಯುವ ಕಾರಣಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದರಿಂದ, ಬಾಲ್ಯದಲ್ಲಿ ಆ ನೀರನ್ನು ಕುಡಿದು ಬೆಳೆದವರ ಹಲ್ಲುಗಳಲ್ಲಿ ಕಂದುಬಣ್ಣದ ಪಟ್ಟೆಗಳೂ, ತೀವ್ರವಾದಾಗ ಎನಾಮಲ್ಲಿನಲ್ಲಿ ಕುಳಿಗಳೂ ಕಾಣುತ್ತವೆ. ಬಣ್ಣ ಮಾತ್ರ ಕೆಟ್ಟಿದ್ದರೆ ಮೇಲ್ಪದರವನ್ನು ಉಜ್ಜಿ ತೆಗೆಯುವುದು, ತೆಳುವಾದ ಪೊರೆಯನ್ನು ಅಂಟಿಸುವುದು ಮುಂತಾದ ಸೌಮ್ಯ ಉಪಾಯಗಳು ಸಾಲುತ್ತವೆ. ಕುಳಿಬಿದ್ದು ಚಕ್ಕೆ ಏಳುವ ಹಲ್ಲಿಗೆ ಮಾತ್ರ ಕಿರೀಟ. ಎರಡನೆಯದು ಅಡಿಕೆ. ಗಟ್ಟಿ ಅಡಿಕೆಯನ್ನು ಹಲ್ಲಿನಿಂದಲೇ ಕಡಿದು ದಶಕಗಳ ಕಾಲ ಅಗಿದವರ ದವಡೆ ಹಲ್ಲುಗಳು ಸವೆದು ಚಪ್ಪಟೆಯಾಗಿರುತ್ತವೆ, ಕೂದಲೆಳೆಯ ಬಿರುಕುಗಳೂ ಇರುತ್ತವೆ. ಅಂಥವರು ಕಿರೀಟ ಹಾಕಿಸಿಕೊಂಡು ಚಟವನ್ನು ಮುಂದುವರಿಸಿದರೆ ಪಿಂಗಾಣಿಯ ಪದರವು ಬಹುಬೇಗ ಚಕ್ಕೆಯೇಳುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೂ ಇದೇ ಗತಿ. ಅವರಿಗೆ ರಾತ್ರಿ ತೊಡುವ ರಕ್ಷಾಫಲಕವನ್ನು ಕಿರೀಟದೊಂದಿಗೇ ಮಾಡಿಸಿಕೊಡುವುದು ವಾಡಿಕೆ.

ಮಕ್ಕಳ ಹಾಲುಹಲ್ಲುಗಳಿಗೆ ಮೊದಲೇ ತಯಾರಾದ ಉಕ್ಕಿನ ಕಿರೀಟಗಳಿವೆ. ಹಲ್ಲು ಬೀಳುವ ಕಾಲಕ್ಕೆ ಕಿರೀಟವೂ ಅದರೊಂದಿಗೆ ಬೀಳುತ್ತದೆ. ಬೀಳುವ ಹಲ್ಲಿಗೇಕೆ ಖರ್ಚೆಂದು ತಂದೆತಾಯಿಗಳು ಕೇಳುವುದುಂಟು; ಹಾಲಿನ ದವಡೆ ಹಲ್ಲು ಹನ್ನೊಂದು ಹನ್ನೆರಡರ ವಯಸ್ಸಿನವರೆಗೆ ಉಳಿದು ಮುಂಬರುವ ಹಲ್ಲಿಗೆ ಜಾಗವನ್ನು ಕಾದಿರಿಸುತ್ತದೆ ಎಂಬುದೇ ಅದಕ್ಕೆ ಉತ್ತರ.

ಕಿರೀಟದ ಆಯುಸ್ಸನ್ನು ಕುರಿತು, 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಐದು ವರ್ಷಗಳ ಕೊನೆಗೆ ಲೋಹಪಿಂಗಾಣಿಯ ಕಿರೀಟಗಳಲ್ಲಿ ಶೇಕಡಾ 95.6ರಷ್ಟೂ, ಪೂರ್ಣ ಪಿಂಗಾಣಿಯವುಗಳಲ್ಲಿ ಶೇಕಡಾ 93.3ರಷ್ಟೂ ಉಳಿದಿದ್ದುವೆಂದು ಲೆಕ್ಕ ಕೊಟ್ಟಿತು. ಕಿರೀಟವು ಹೀಗೆ ಬಾಳಬೇಕಾದರೆ, ಹಲ್ಲುಜ್ಜುವಾಗ ಕುಂಚದ ಎಳೆಗಳು ಕಿರೀಟದ ಮೇಲ್ಮೈಗಿಂತ ಹೆಚ್ಚಾಗಿ ವಸಡಿನ ಅಂಚನ್ನು ಮುಟ್ಟಬೇಕು. ಫ್ಲೋರೈಡ್ ಇರುವ ಪೇಸ್ಟನ್ನು ಬಳಸಿ, ಇದ್ದಿಲು ಇಟ್ಟಿಗೆಪುಡಿಗಳನ್ನು ಬಿಡಬೇಕು. ಎರಡು ಹಲ್ಲುಗಳ ಸಂದನ್ನು ದಾರದಿಂದಾಗಲಿ ಸಂದುಬ್ರಷ್ಷಿನಿಂದಾಗಲಿ ನಿತ್ಯವೂ ಶುಚಿಗೊಳಿಸಬೇಕು. ಲೋಹದ ಮತ್ತು ಜಿರ್ಕೋನಿಯಾದ ಮೂಲಕ ಎಕ್ಸ್-ರೇ ಹಾಯುವುದಿಲ್ಲವಾದುದರಿಂದ ಒಳಗಿನ ಹುಳುಕು ಬಹಳ ಬೆಳೆಯುವವರೆಗೂ ಗುಪ್ತವಾಗಿರಬಹುದು. ರೂಟ್ ಕೆನಾಲ್ ಆದ ಹಲ್ಲಿನಲ್ಲಂತೂ ಎಚ್ಚರಿಸುವ ನೋವೂ ಇರುವುದಿಲ್ಲ. ದುರ್ವಾಸನೆ, ಕಚ್ಚಿದಾಗ ಕಿರೀಟವು ಮಿಸುಕಿದಂತಾಗುವುದು, ವಸಡಿನಲ್ಲಿ ಕೀವಿನ ಗುಳ್ಳೆ, ಇವು ಕಾಣಿಸಿದೊಡನೆ ತೋರಿಸಬೇಕು. ಕಿರೀಟವು ಕಳಚಿ ಬಿದ್ದರೆ ಅದನ್ನು ತೊಳೆದು ಡಬ್ಬಿಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯುವುದೇ ಸರಿ. ಅಂಗಡಿಯ ಅಂಟಿನಿಂದ ತಾವೇ ಅಂಟಿಸಿಕೊಳ್ಳುವುದು ಹಲ್ಲನ್ನೂ ವಸಡನ್ನೂ ಕೆಡಿಸುತ್ತದೆ. ನುಂಗಿದ ಕಿರೀಟವು ಸಾಮಾನ್ಯವಾಗಿ ಮಲದೊಂದಿಗೆ ಹೊರಹೋಗುತ್ತದೆ. ಅದು ಶ್ವಾಸನಾಳಕ್ಕೆ ಹೋಗಿ ಕೆಮ್ಮು ಹತ್ತಿದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

1948ರ ದಂತವೈದ್ಯರ ಅಧಿನಿಯಮವು ನೋಂದಾಯಿತ ದಂತವೈದ್ಯನನ್ನೂ, ಹಲ್ಲುಗಳನ್ನು ತಯಾರಿಸಿಕೊಡುವ ಕುಶಲಿಯನ್ನೂ ಬೇರೆಬೇರೆಯಾಗಿ ಗುರುತಿಸಿತು. ರಸ್ತೆಬದಿಯಲ್ಲಿ ಹಲ್ಲು ಕಟ್ಟಿಕೊಡುವವರಿಗೆ ರೋಗಿಯ ಬಾಯಲ್ಲಿ ಕೆಲಸ ಮಾಡುವ ಅಧಿಕಾರವಿಲ್ಲ. ಖಾಸಗಿ ಚಿಕಿತ್ಸಾಲಯದ ವೆಚ್ಚವು ಭಾರವಾದವರಿಗೆ, ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯ ಕಾಲೇಜು, ಮಣಿಪಾಲದಲ್ಲಿ 1965ರಲ್ಲಿ ಸ್ಥಾಪಿತವಾದ ಕಾಲೇಜು ಮುಂತಾದ ಬೋಧನಾ ಆಸ್ಪತ್ರೆಗಳ ಕೃತಕದಂತ ವಿಭಾಗಗಳಲ್ಲಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರೀಟದ ಕೆಲಸವನ್ನು ಮಾಡುತ್ತಾರೆ. ಭೇಟಿಗಳ ಸಂಖ್ಯೆ ಹೆಚ್ಚು, ಪ್ರತಿ ಭೇಟಿಯೂ ದೀರ್ಘ. ಅಂಚನ್ನು ಪ್ರತಿ ಹಂತದಲ್ಲಿಯೂ ಇನ್ನೊಬ್ಬರು ತಪಾಸಣೆ ಮಾಡಿ ಒಪ್ಪಿದ ಮೇಲೆಯೇ ಮುಂದಿನ ಹಂತ.